ಸಿಬಿಆರ್ 250ಆರ್: ಹನ್ನೆರಡು ವರ್ಷ, ಒಂದು ಲಕ್ಷ ಹದಿನಾಲ್ಕು ಸಾವಿರ ಕಿಲೋಮೀಟರ್, ಕಾಸರಗೋಡಿನ ಮಳೆ

2012ರ ಕೊನೆಯಲ್ಲಿ ಗಲ್ಫಿಗೆ ಹೊರಟಿದ್ದ ಒಬ್ಬ ಹುಡುಗನಿಂದ ಈ ಬೈಕ್ ತಗೊಂಡೆ. ಅವನಿಗೆ ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಮನೆಯಲ್ಲಿ ಬೇರೆ ಯಾರಿಗೂ ಈ ಗಾತ್ರದ ಬೈಕ್ ಬೇಡವಾಗಿತ್ತು. ಆರು ತಿಂಗಳ ಗಾಡಿ, ನಾಲ್ಕು ಸಾವಿರದ ಚಿಲ್ಲರೆ ಕಿಲೋಮೀಟರ್ ಓಡಿತ್ತು. ನಮ್ಮ ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ವೀಸಾ ಬಂದ ಹುಡುಗರ ಸುದ್ದಿ ಕೇಳುತ್ತಾ ಇದ್ದರೆ ಸಾಕು. ಒಂದೂವರೆ ಲಕ್ಷ ಕೊಟ್ಟೆ. ಕೆಂಪು ಬಣ್ಣ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಮಾಡೆಲ್. ಅಂಗಳಕ್ಕೆ ತಂದು ನಿಲ್ಲಿಸಿದಾಗ ಅಪ್ಪ ಒಣಗಲು ಹಾಕಿದ್ದ ಅಡಿಕೆಯನ್ನು ಕಾಲಿನಲ್ಲಿ ಸ್ವಲ್ಪ ಆಚೆ ಸರಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದಕ್ಕೆ ಕ್ಯಾರಿಯರ್ ಎಲ್ಲಿ?" ಅಂತ ಕೇಳಿದರು. ಇವತ್ತಿಗೂ ಈ ಗಾಡಿಯ ಬಗ್ಗೆ ಇದಕ್ಕಿಂತ ಸರಿಯಾದ ದೂರು ನಾನು ಕೇಳಿಲ್ಲ.

ಹೊಂಡಾದವರು ಇದನ್ನು ಭಾರತದಲ್ಲಿ ಬಿಟ್ಟದ್ದು 2011ರಲ್ಲಿ. 249 ಸಿಸಿ, ಒಂದೇ ಸಿಲಿಂಡರ್, ನೀರಿನಿಂದ ತಂಪಾಗುವ ಎಂಜಿನ್, ನಾಲ್ಕು ವಾಲ್ವ್, ಫ್ಯೂಯೆಲ್ ಇಂಜೆಕ್ಷನ್, ಆರು ಗಿಯರ್. 13 ಲೀಟರ್ ಟ್ಯಾಂಕ್. ಎದುರಿನ ಮುಖ ಅದೇ ಕಂಪನಿಯ ದೊಡ್ಡ ಟೂರಿಂಗ್ ಬೈಕ್ ವಿಎಫ್ಆರ್ 1200ರ ಹಾಗೆ ಇದೆ, ತಮ್ಮ ಅಣ್ಣನ ಅಂಗಿ ಹಾಕಿಕೊಂಡ ಹಾಗೆ. ನೋಡಿದವರು ರೇಸಿನ ಗಾಡಿ ಅಂತಲೇ ಅಂದುಕೊಳ್ಳುತ್ತಾರೆ. ಅಲ್ಲ. ರೇಸಿನ ಗಾಡಿಯಲ್ಲಿ ಬೆನ್ನು ಬಗ್ಗಿಸಿ, ಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹಾಕಿ ಕೂರಬೇಕು, ಇದರಲ್ಲಿ ಹ್ಯಾಂಡಲ್ ಸ್ವಲ್ಪ ಮೇಲೆ ಇದೆ, ಬೆನ್ನು ಹೆಚ್ಚು ಬಾಗುವುದಿಲ್ಲ, ಕಾಲು ತೀರಾ ಮಡಚುವುದಿಲ್ಲ, ಎದುರಿನ ಗಾಳಿಯನ್ನು ಫೇರಿಂಗ್, ಅಂದರೆ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ, ತಡೆಯುತ್ತದೆ. ಸ್ಪೋರ್ಟ್ ಟೂರಿಂಗ್ ಅನ್ನುವುದು ಇಷ್ಟೇ. ಮುಖ ಸ್ಪೋರ್ಟ್ಸು, ಬೆನ್ನು ಟೂರಿಂಗು.

ನಾನು ಕನ್ನಡ ಶಾಲೆಯ ಮಾಷ್ಟ್ರು. ಮನೆ ಪೆರ್ಲದ ಹತ್ತಿರ, ಶಾಲೆ ಕುಂಬಳೆ ಕಡೆ. ದಿನಕ್ಕೆ ಹೋಗಿ ಬಂದು ನಲವತ್ತು ಕಿಲೋಮೀಟರ್ ಮೇಲೆ ಆಗುತ್ತದೆ. ತಗೊಳ್ಳುವಾಗ ತಲೆಯಲ್ಲಿ ಇದ್ದದ್ದು ಲಡಾಖ್, ಗೋವಾ, ಇನ್ನೂ ಏನೇನೋ. ಲಡಾಖಿಗೆ ಇವತ್ತಿನವರೆಗೂ ಹೋಗಿಲ್ಲ. ಆದರೆ ಗಡಿನಾಡಿನಲ್ಲಿ ಇರುವವರಿಗೆ ಗೊತ್ತು, ನಮಗೆ ಎಲ್ಲವೂ ದೂರವೇ. ದೊಡ್ಡ ಆಸ್ಪತ್ರೆ ಬೇಕಾದರೆ ಮಂಗಳೂರು. ನೆಂಟರು ವಿಟ್ಲ, ಪುತ್ತೂರು, ಸುಳ್ಯ. ಅಕ್ಕ ಮೈಸೂರಿನಲ್ಲಿ. ಸರ್ಕಾರಿ ಕಾಗದ ತಿರುವನಂತಪುರದಲ್ಲಿ. ಕನ್ನಡ ಪುಸ್ತಕ ಬೇಕಾದರೂ ಗಡಿ ದಾಟಬೇಕು. ಹಾಗಾಗಿ ಟೂರ್ ಅಂತ ಬೇರೆ ಹೊರಡದೆಯೇ ಮೀಟರ್ ತಿರುಗುತ್ತಾ ಹೋಯಿತು. ಈ ಒಂದು ಲಕ್ಷ ಹದಿನಾಲ್ಕು ಸಾವಿರದಲ್ಲಿ 'ಟ್ರಿಪ್' ಅಂತ ಹೇಳಬಹುದಾದದ್ದು ಹೆಚ್ಚೆಂದರೆ ಇಪ್ಪತ್ತೈದು ಸಾವಿರ ಇರಬಹುದು. ಉಳಿದದ್ದೆಲ್ಲ ಮದುವೆ, ಬೊಜ್ಜ (ಉತ್ತರಕ್ರಿಯೆ), ಡಾಕ್ಟರು, ಶಾಲೆ, ಮೀಟಿಂಗು.

ಎಂಜಿನಿನ ಗುಣ ಹೇಳಬೇಕು. ಬೋರ್ 76 ಮಿಲಿಮೀಟರ್, ಸ್ಟ್ರೋಕ್ 55. ಅಂದರೆ ಸಿಲಿಂಡರಿನ ಅಗಲ ಜಾಸ್ತಿ, ಅದರೊಳಗೆ ಪಿಸ್ಟನ್ ಓಡಾಡುವ ಉದ್ದ ಕಡಿಮೆ. ಇಂಥ ಎಂಜಿನ್ ಸಾಮಾನ್ಯವಾಗಿ ಮೇಲೆ ಮೇಲೆ ತಿರುಗಿದಾಗಲೇ ಚುರುಕಾಗುವುದು, ಕೆಳಗೆ ಸೋಮಾರಿ. ಇದು ಹಾಗಲ್ಲ. ಮೂರು ಮೂರೂವರೆ ಸಾವಿರ ಆರ್‌ಪಿಎಂನಲ್ಲಿಯೂ ಗೊಣಗದೆ ಎಳೆಯುತ್ತದೆ. ಪೆರ್ಲದಿಂದ ಅಡ್ಕಸ್ಥಳದ ಕಡೆಗೆ ಹೋಗುವಾಗ ತಿರುವಿನ ಮೇಲೆ ತಿರುವು ಬರುತ್ತದಲ್ಲ, ಅಲ್ಲಿ ನಾಲ್ಕನೇ ಗಿಯರಿಗೆ ಹಾಕಿ ಬಿಟ್ಟರೆ ಗಿಯರಿನ ಯೋಚನೆಯೇ ಬೇಡ. ಹೈವೇಯಲ್ಲಿ ಆರನೇ ಗಿಯರಿನಲ್ಲಿ ನೂರು ಕಿಲೋಮೀಟರ್ ವೇಗಕ್ಕೆ ಸುಮಾರು ಆರು ಸಾವಿರ ತೋರಿಸುತ್ತದೆ, ನಡುಕ ಅಷ್ಟಿಲ್ಲ, ಒಳಗೆ ನಡುಕ ಕಡಿಮೆ ಮಾಡುವ ಬ್ಯಾಲೆನ್ಸರ್ ಶಾಫ್ಟ್ ಇದೆ. ನೂರಿಪ್ಪತ್ತರ ಮೇಲೆ ಹೋದರೆ ಪೆಡಲಿನಲ್ಲಿ ಸಣ್ಣ ಜುಮ್ಮು ಶುರುವಾಗುತ್ತದೆ. ನಮ್ಮ ರಸ್ತೆಯಲ್ಲಿ ನೂರಿಪ್ಪತ್ತು ಹೋಗುವವನಿಗೆ ಪೆಡಲಿನ ಜುಮ್ಮಿಗಿಂತ ದೊಡ್ಡ ಚಿಂತೆಗಳು ಇರಬೇಕು.

ಶಬ್ದದಲ್ಲಿ ಏನೂ ಗಮ್ಮತ್ತಿಲ್ಲ. ಹೊಲಿಗೆ ಮೆಷಿನ್ ಹಾಗೆ. ಪಕ್ಕದಲ್ಲಿ ಎರಡು ಸಿಲಿಂಡರಿನ ಬೈಕ್ ನಿಂತರೆ ಇದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಲ ಎರಡು ವರ್ಷ ಅದು ಬೇಸರ ಆಗಿತ್ತು, ಸೈಲೆನ್ಸರ್ ಬದಲಿಸಬೇಕು ಅಂತ ಎಲ್ಲ ಅನಿಸಿತ್ತು. ಆಮೇಲೆ ಬೆಳಿಗ್ಗೆ ನಾಲ್ಕೂವರೆಗೆ ಮನೆಯಿಂದ ಹೊರಡುವ ದಿನಗಳು ಬಂದವು, ಆಚೆ ಮನೆಯ ನಾಯಿ ಕೂಡ ಎಚ್ಚರ ಆಗದ ಹಾಗೆ ಹೊರಡಲು ಆಗುತ್ತದೆ ಅಂತ ಗೊತ್ತಾಯಿತು.

ಬ್ರೇಕಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆದದ್ದು ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲಿನಿಂದ, ಎಲ್ಲಕ್ಕೂ 2019ರಿಂದ. 2012ರಲ್ಲಿ ಅದು ಹೆಚ್ಚಿನ ದುಡ್ಡಿನ ಬಾಬತ್ತು, ತುಂಬ ಜನ ಬೇಡ ಅಂದು ಬಿಟ್ಟರು. ಗಲ್ಫಿನ ಹುಡುಗ ಬೇಕು ಅಂದಿದ್ದ, ಅವನ ಪುಣ್ಯ ನನಗೆ ಬಂತು. ಇದರಲ್ಲಿರುವುದು ಕಂಬೈಂಡ್ ಎಬಿಎಸ್, ಹಿಂದಿನ ಬ್ರೇಕ್ ಪೆಡಲ್ ಒತ್ತಿದರೆ ಎದುರಿನ ಡಿಸ್ಕಿಗೂ ಸ್ವಲ್ಪ ಹಿಡಿತ ಹೋಗುತ್ತದೆ. ಶುರುವಿಗೆ ವಿಚಿತ್ರ ಅನಿಸುತ್ತದೆ. ಕೆಸರಿನಲ್ಲಿ ನಿಧಾನವಾಗಿ ಇಳಿಯುವಾಗ ಎದುರಿನ ಚಕ್ರ ಮುಟ್ಟದೆ ಬರೀ ಹಿಂದಿನದು ಹಿಡಿಯಬೇಕು ಅಂದರೆ ಇದರಲ್ಲಿ ಆಗುವುದಿಲ್ಲ, ನಮ್ಮ ತೋಟದ ದಾರಿಯಲ್ಲಿ ಅದಕ್ಕೆ ಎರಡು ಸಲ ಮಗುಚಿದ್ದೇನೆ, ಎರಡೂ ಸಲ ತಪ್ಪು ನನ್ನದೇ. ಆದರೆ 2015ರ ಜೂನ್, ಬದಿಯಡ್ಕ ದಾಟಿ ಒಂದು ಇಳಿಜಾರು, ಜಡಿಮಳೆ, ತಿರುವಿನಲ್ಲಿ ಎದುರಿಗೆ ಅಡಿಕೆ ಚೀಲ ತುಂಬಿದ ಪಿಕಪ್ ರಸ್ತೆಗೆ ಅಡ್ಡ ನಿಂತಿತ್ತು. ಎರಡೂ ಬ್ರೇಕ್ ಇದ್ದ ಬಲವೆಲ್ಲ ಹಾಕಿ ಒತ್ತಿದೆ. ಲಿವರ್ ಕೈಯೊಳಗೆ ಟಕಟಕ ಬಡಿಯಿತು, ಬೈಕ್ ನೆಟ್ಟಗೆ ನಿಂತಿತು, ಪಿಕಪ್ಪಿನ ಹಿಂದಿನ ಬಾಗಿಲಿಗೂ ನನಗೂ ನಡುವೆ ಒಂದು ಕೊಡೆಯಷ್ಟು ಜಾಗ. ಪಿಕಪ್ಪಿನವನು ಇಳಿದು ಬಂದು ಮೊದಲು ನೋಡಿದ್ದು ಅವನ ಚೀಲಗಳನ್ನು. ಅಷ್ಟರ ಮೇಲೆ ಎಬಿಎಸ್ ಬೇಕಾ ಬೇಡವಾ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಒಂದು ಮಾತು ಮಾತ್ರ, ಮುರಕಲ್ಲಿನ ಸಣ್ಣ ಜಲ್ಲಿ ಹರಡಿದ ರಸ್ತೆಯಲ್ಲಿ ಅದನ್ನು ನಂಬಬೇಡಿ. ಅಲ್ಲಿ ನಿಲ್ಲುವ ದೂರ ಉದ್ದವೇ ಆಗುತ್ತದೆ.

ಇನ್ನು ಮಳೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನಲ್ಲಿ ಕೂತು ಬರೆದ ಯಾವ ರಿವ್ಯೂ ಕೂಡ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೇರಿಂಗ್ ಎದೆಗೆ ಬರುವ ನೀರನ್ನು ಸ್ವಲ್ಪ ತಡೆಯುತ್ತದೆ, ಮೊಣಕಾಲಿಗೆ, ಶೂಗಳಿಗೆ ಏನೂ ಇಲ್ಲ. ರೈನ್‌ಕೋಟ್ ಎಷ್ಟು ಬೆಲೆಯದ್ದಾದರೂ ಜುಲೈಯಲ್ಲಿ ಸೋರುತ್ತದೆ. ನಾನು ಶಾಲೆಯ ಕಪಾಟಿನಲ್ಲಿ ಒಂದು ಜೊತೆ ಒಣ ಬಟ್ಟೆ ಇಟ್ಟಿದ್ದೇನೆ, ಅದೇ ನನ್ನ ರೈಡಿಂಗ್ ಗಿಯರಿನಲ್ಲಿ ಅತಿ ಮುಖ್ಯವಾದ ವಸ್ತು.

2017ರ ಮಳೆಗಾಲದಲ್ಲಿ ಒಂದು ಕಾಯಿಲೆ ಹಿಡಿಯಿತು. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಎರಡು ಕಿಲೋಮೀಟರ್ ಹೋಗುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ. ಪ್ಲಗ್ ನೋಡಿದ್ದಾಯಿತು, ಬ್ಯಾಟರಿ ನೋಡಿದ್ದಾಯಿತು, ಪಂಪು ಕೆಟ್ಟಿದೆ ಅಂತ ಒಬ್ಬರು ಹೇಳಿದರು, ಸೆನ್ಸರ್ ಅಂತ ಇನ್ನೊಬ್ಬರು. ಕೊನೆಗೆ ನಮ್ಮ ಪೇಟೆಯ ಇಚ್ಚ (ಮೆಕ್ಯಾನಿಕ್, ಅವರನ್ನು ಊರಿನವರೆಲ್ಲ ಕರೆಯುವುದು ಹಾಗೆಯೇ, ನಾನೂ ಹಾಗೆಯೇ) ಟ್ಯಾಂಕಿನ ಮುಚ್ಚಳ ತೆಗೆದು ಬೆರಳಿನಲ್ಲಿ ಅದರ ಅಂಚು ಒರೆಸಿ ನೋಡಿದರು. ಮುಚ್ಚಳದ ಸುತ್ತ ಬಿದ್ದ ಮಳೆನೀರು ಹೊರಗೆ ಹೋಗಲು ಅಲ್ಲೊಂದು ಸಣ್ಣ ತೂತು, ಅದಕ್ಕೊಂದು ರಬ್ಬರ್ ನಳಿಗೆ ಕೆಳಗಿನವರೆಗೆ ಇದೆ. ಆ ನಳಿಗೆಯ ಕೆಳಗಿನ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ನೀರು ಹೊರಗೆ ಹೋಗದೆ ಮೇಲೆ ನಿಂತು, ಮುಚ್ಚಳದ ಸಂದಿನಲ್ಲಿ ಟ್ಯಾಂಕಿಗೆ ಇಳಿದಿತ್ತು. ಒಂದು ತಂತಿ ತುರುಕಿ ತೆಗೆದರು, ಟ್ಯಾಂಕ್ ಖಾಲಿ ಮಾಡಿ ಒರೆಸಿದರು, ಮುಗಿಯಿತು. ಅಷ್ಟರೊಳಗೆ ನಾನು ಒಂದು ಹೊಸ ಪ್ಲಗ್, ಒಂದು ಬ್ಯಾಟರಿ ಹಾಕಿಸಿ ಆಗಿತ್ತು. ಅಂದಿನಿಂದ ಪ್ರತಿ ಮೇ ತಿಂಗಳ ಕೊನೆಗೆ ಮಾಡಿನ ಸೋರಿಕೆ ನೋಡುವ ದಿನವೇ ಈ ನಳಿಗೆಯನ್ನೂ ನೋಡುತ್ತೇನೆ. ನಿಮ್ಮ ಬೈಕಿಗೂ ಇಂಥದ್ದು ಇದ್ದರೆ ಒಮ್ಮೆ ಊದಿ ನೋಡಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬರುತ್ತಿದೆ, ಎಥನಾಲ್ ನೀರನ್ನು ಹೀರುತ್ತದೆ, ಹಾಗಾಗಿ ಟ್ಯಾಂಕಿಗೆ ನೀರು ಇಳಿಯುವುದು ಮೊದಲಿಗಿಂತ ಈಗ ಜಾಸ್ತಿ ತೊಂದರೆ.

ಹುಳದ ನಂತರ ಇಲಿ. 2020ರ ಲಾಕ್‌ಡೌನಿನಲ್ಲಿ ಗಾಡಿ ಎರಡು ತಿಂಗಳು ಕೊಟ್ಟಿಗೆಯ ಬದಿಯಲ್ಲಿ ನಿಂತಿತ್ತು. ಹಿಂದಿನ ಸೀಟಿನ ಕೆಳಗೆ ಇಲಿ ಸಂಸಾರ ಹೂಡಿ, ಸ್ಪಂಜು ಕಿತ್ತು ಹಾಸಿಗೆ ಮಾಡಿ, ಟೈಲ್ ಲ್ಯಾಂಪಿನ ವೈರನ್ನು ಊಟ ಮಾಡಿತ್ತು. ಅದಕ್ಕೆ ಕಂಪನಿಯನ್ನು ಬೈಯಲು ಆಗುವುದಿಲ್ಲ.

ಸರ್ವಿಸಿನ ವಿಷಯಕ್ಕೆ ಬರುತ್ತೇನೆ. ಮೊದಲ ಮೂರು ವರ್ಷ ದೊಡ್ಡ ಪೇಟೆಯ ಒಂದು ಸರ್ವಿಸ್ ಸೆಂಟರಿಗೆ ಕೊಡುತ್ತಿದ್ದೆ. ಎಸಿ ಕೋಣೆ, ಟಿವಿ, ಕಾಫಿ ಎಲ್ಲ ಇತ್ತು. ಒಮ್ಮೆ ಆಯಿಲ್ ಬದಲಿಸಿ ಕೊಟ್ಟ ಮೇಲೆ ಎರಡನೇ ದಿನ ಅಂಗಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ. ಮರುದಿನ ತಟ್ಟೆಯಷ್ಟು. ಡ್ರೈನ್ ಬೋಲ್ಟನ್ನು ಪೈಪು ಹಾಕಿ ತಿರುಗಿಸಿ ತ್ರೆಡ್ಡನ್ನೇ ಕಿತ್ತು, ಮೇಲೆ ಎಂಥದೋ ಅಂಟು ಬಳಿದು ಕಳಿಸಿದ್ದರು. ಕೇಳಿದರೆ ಎಂಜಿನ್ ಕೇಸೇ ಬದಲಿಸಬೇಕು ಅಂದರು, ಬಾಯಿಗೆ ಬಂದಷ್ಟು ರೇಟು ಹೇಳಿದರು. ಇಚ್ಚ ಅದನ್ನು ಕೊರೆದು ಹೊಸ ತ್ರೆಡ್ ಕೂರಿಸಿದರು, ಅರ್ಧ ದಿನದ ಕೆಲಸ. ಎಂಟು ವರ್ಷ ಆಯಿತು, ಒಂದು ಹನಿ ಇಲ್ಲ. ಆ ಮೇಲೆ ನಾನು ಎಸಿ ಕೋಣೆಗೆ ಹೋಗಿಲ್ಲ.

ಇಚ್ಚನಿಗೆ ಇದರ ಎಂಜಿನ್ ಮೇಲೆ ಒಂಥರಾ ಗೌರವ. ಎಪ್ಪತ್ತು ಸಾವಿರ ಆದಾಗ ಕ್ಲಚ್ ಪ್ಲೇಟ್ ಬದಲಿಸಿದರು, ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೆ ಬಿಡುವ ಸಣ್ಣ ಸಂದು) ಎರಡು ಸಲ ನೋಡಿದರು. ಇದರಲ್ಲಿ ಆ ಸಂದು ಸರಿ ಮಾಡುವ ಶಿಮ್ ಅನ್ನುವ ಸಣ್ಣ ಬಿಲ್ಲೆ ಬದಲಿಸಲು ಕ್ಯಾಮ್ ಶಾಫ್ಟ್ ಬಿಚ್ಚಬೇಕಾಗಿಲ್ಲ, ರಾಕರ್ ಸರಿಸಿದರೆ ಸಾಕು, ಅದನ್ನು ನೋಡಿ ಅವರು ಮಗುವಿನ ಹಾಗೆ ಖುಷಿಪಟ್ಟರು. ಲಕ್ಷ ದಾಟಿದಾಗ ಒಮ್ಮೆ ಪೂರ್ತಿ ಬಿಚ್ಚಿ ನೋಡೋಣವಾ ಅಂತ ನಾನೇ ಕೇಳಿದೆ. "ಬೇಡ ಮಾಷೇ. ತೆರೆದ್ರೆ ನಿಮ್ಗೂ ಕೆಲಸ, ನನ್ಗೂ ಕೆಲಸ. ಅದು ಸುಮ್ನೆ ಓಡ್ತಾ ಇದೆ, ಓಡ್ಲಿ" ಅಂದರು. ದುಡ್ಡು ಬರುವ ಕೆಲಸವನ್ನು ಬೇಡ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಬೈಕಿನ ಅರ್ಧ ಚಿಂತೆ ಮುಗಿದ ಹಾಗೆ ಅಲ್ವಾ?

ಎಂಜಿನ್ ಬಿಟ್ಟು ಉಳಿದದ್ದು ಸವೆದಿದೆ. ಚೈನ್ ಸ್ಪ್ರಾಕೆಟ್ ಈಗ ಐದನೆಯದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಾಕದಿದ್ದರೆ ಚೈನ್ ಕಿರುಚುತ್ತದೆ, ಆದರೆ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ. ದೂರ ಹೋಗುವ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಕೊಡದೆ ಇರುವುದು ನನಗೆ ಇವತ್ತಿಗೂ ಅರ್ಥ ಆಗದ ವಿಷಯ, ಮನೆಯಲ್ಲಿ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಇದೆ ಸರಿ, ದಾರಿಯಲ್ಲಿ ಪಂಕ್ಚರ್ ಆದರೆ ಕಲ್ಲು ಹುಡುಕಬೇಕು. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಎರಡು ಸಲ ಹೋಗಿದೆ. ಅದರ ಪಾಪ ರಸ್ತೆಗೆ. ತಲಪಾಡಿಯಿಂದ ಕೆಳಗೆ ಹೈವೇಯನ್ನು ಆರು ಲೇನ್ ಮಾಡುತ್ತಿದ್ದ ವರ್ಷಗಳಲ್ಲಿ ಉಪ್ಪಳ, ಕುಂಬಳೆ, ಮೊಗ್ರಾಲ್ ದಾಟುವುದು ಅಂದರೆ ಇವತ್ತು ಈ ಬದಿ, ನಾಳೆ ಆ ಬದಿ, ಜಲ್ಲಿ, ಕೆಸರು, ಹೊಂಡ. ನೆಲಕ್ಕೂ ಇದರ ಹೊಟ್ಟೆಗೂ ನಡುವೆ 145 ಮಿಲಿಮೀಟರ್ ಮಾತ್ರ, ಹಂಪು ಕಂಡರೆ ಓರೆಯಾಗಿ ಹತ್ತಿಸಬೇಕು. ಟಯರ್ ಹಿಂದಿನದು ನನಗೆ ಹದಿನೆಂಟರಿಂದ ಇಪ್ಪತ್ತು ಸಾವಿರ ಬಾಳುತ್ತದೆ. ಮಿಷಲಿನ್ ಪೈಲಟ್ ಸ್ಟ್ರೀಟ್ ಹಾಕಿದ ಮೇಲೆ ಒದ್ದೆ ರಸ್ತೆಯಲ್ಲಿ ಧೈರ್ಯ ಬಂತು. ಟಯರಿನಲ್ಲಿ ದುಡ್ಡು ಉಳಿಸಬೇಡಿ.

ಹಿಂದೆ ಕೂರುವವರ ಅಭಿಪ್ರಾಯ ಬೇರೆಯೇ. ಹಿಂದಿನ ಸೀಟು ಚಿಕ್ಕದು, ಎತ್ತರ. "ಇದ್ರಲ್ಲಿ ಕೂತ್ರೆ ಅಡಿಕೆ ಮರ ಹತ್ತಿ ಕೂತ ಹಾಗೆ ಆಗ್ತದೆ, ನೀವು ಬ್ರೇಕ್ ಹಾಕಿದ್ರೆ ನಾನು ನಿಮ್ಮ ಮೇಲೆ ಬೀಳ್ಬೇಕು" ಅಂತ ಮನೆಯವಳು ಮೊದಲ ದಿನವೇ ಹೇಳಿದ್ದಾಳೆ. ಅವಳ ಜೊತೆ ಮಧೂರಿಗೆ, ಅನಂತಪುರಕ್ಕೆ ಹೋಗುತ್ತೇನೆ, ಅದಕ್ಕಿಂತ ದೂರಕ್ಕೆ ಬಸ್ಸು. ಅಮ್ಮನನ್ನು ಹತ್ತಿಸಬೇಕಾದರೆ ಜಗಲಿಯ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಬೇಕು, ಇಳಿಸಲು ಹೋದ ಕಡೆಯೂ ಮೆಟ್ಟಿಲು ಬೇಕು, ಹಾಗಾಗಿ ಅವರು ಒಂದೇ ಸಲ ಕೂತದ್ದು. ಕೇರಳದಲ್ಲಿ 2019ರ ಡಿಸೆಂಬರಿನಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. 2023ರ ಜೂನಿನಿಂದ ಎಐ ಕ್ಯಾಮೆರಾಗಳೂ ಬಂದವು. ಅಮ್ಮನಿಗೆ ಅದೊಂದು ಒಳ್ಳೆಯ ನೆವ ಆಯಿತು.

ಅಪ್ಪ ಕೇಳಿದ ಕ್ಯಾರಿಯರ್ ಕೊನೆಗೆ ಗ್ರಿಲ್ ಕೆಲಸದವರಿಂದ ಮಾಡಿಸಿದೆ. ಎರಡು ಸಲ ಅಳತೆ ತಪ್ಪಿತು, ಮೂರನೇ ಸಲ ಸರಿ ಬಂತು. ಈಗ ಅದರಲ್ಲಿ ಹಲಸಿನ ಹಣ್ಣು, ತೆಂಗಿನಕಾಯಿ, ಉತ್ತರ ಪತ್ರಿಕೆಗಳ ಕಟ್ಟು, ಒಮ್ಮೆ ಹಾರ್ಮೋನಿಯಂ ಕೂಡ ಬಂದಿದೆ. ನೋಡಲು ಚಂದ ಇಲ್ಲ. ಸ್ಪೋರ್ಟ್ಸ್ ಬೈಕಿಗೆ ಕ್ಯಾರಿಯರ್ ಹಾಕಿದ್ದಾರೆ ಅಂತ ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ನಗುತ್ತಾರೆ.

ಟ್ರಿಪ್ಪುಗಳಲ್ಲಿ ಒಂದೆರಡು ಹೇಳಿಬಿಡುತ್ತೇನೆ. ಕಾಞಂಗಾಡಿನಿಂದ ಪಾಣತ್ತೂರು, ಅಲ್ಲಿಂದ ಕರಿಕೆ ದಾಟಿ ಭಾಗಮಂಡಲ. ಅಗಲ ಇಲ್ಲದ ಕಾಡಿನ ರಸ್ತೆ, ಎದುರಿನಿಂದ ಜೀಪು ಬಂದರೆ ಯಾರಾದರೊಬ್ಬರು ಹಿಂದೆ ಹೋಗಬೇಕು. ಇಂಥ ಕಡೆ ದೊಡ್ಡ ಸಾವಿರ ಸಿಸಿ ಬೈಕಿನವರು ಬೆವರುವುದನ್ನು ನೋಡಿದ್ದೇನೆ. ಇದು 167 ಕಿಲೋ, ಸೊಂಟದಿಂದ ತಳ್ಳಿದರೆ ತಿರುಗುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಮಡಿಕೇರಿಯಲ್ಲಿ ಕಾಫಿ ಕುಡಿದು, ಸಂಪಾಜೆ ಘಾಟಿ ಇಳಿದು, ಸುಳ್ಯ, ಜಾಲ್ಸೂರು, ಆದೂರು, ಮುಳ್ಳೇರಿಯ ಅಂತ ಸಂಜೆ ಮನೆಗೆ. ನನಗೆ ಅದಕ್ಕಿಂತ ಒಳ್ಳೆಯ ದಿನ ಗೊತ್ತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಆ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು. ಆಮೇಲೆ ಹೋದಾಗ ಕಂಡ ಗುಡ್ಡಗಳ ಕೆಂಪು ಗಾಯ ಇನ್ನೂ ಕಣ್ಣಲ್ಲಿದೆ. ಈಗ ಹಸಿರು ಮುಚ್ಚಿದೆ, ಹೊಸಬರಿಗೆ ಗೊತ್ತೇ ಆಗುವುದಿಲ್ಲ.

ಕನ್ಯಾಕುಮಾರಿಗೂ ಒಮ್ಮೆ ಹೋಗಿದ್ದೆ, ಒಬ್ಬನೇ. ಹೇಳುವಂಥದ್ದೇನಿಲ್ಲ, ಕೇರಳದ ಕರಾವಳಿ ಅಂದರೆ ಒಂದೇ ಉದ್ದದ ಪೇಟೆ. ಮಾಹೆಯಲ್ಲಿ ಟ್ಯಾಂಕ್ ತುಂಬಿಸಿದೆ. ಮಾಹೆ ಪುದುಚೇರಿಗೆ ಸೇರಿದ್ದು, ಅಲ್ಲಿ ಪೆಟ್ರೋಲ್ ಅಗ್ಗ, ಲಾರಿಯವರಿಂದ ಹಿಡಿದು ಸ್ಕೂಟರಿನವರವರೆಗೆ ಎಲ್ಲರೂ ಸಾಲು ನಿಲ್ಲುತ್ತಾರೆ. ನಾವು ಗಡಿಯವರು ಈ ಲೆಕ್ಕದಲ್ಲಿ ಹುಟ್ಟಿನಿಂದಲೇ ಪಂಡಿತರು. ಕರ್ನಾಟಕದಲ್ಲಿ ಅಗ್ಗ ಇದ್ದಷ್ಟು ದಿನ ನನ್ನ ಟ್ಯಾಂಕ್ ತುಂಬುವುದು ಅಡ್ಕಸ್ಥಳದ ಆಚೆ ಅಥವಾ ತಲಪಾಡಿ ಆಚೆ. ಮೈಲೇಜು ಲೀಟರಿಗೆ ಮೂವತ್ತೊಂದರಿಂದ ಮೂವತ್ತನಾಲ್ಕು. ಅಂದರೆ ಒಂದು ಟ್ಯಾಂಕಿಗೆ ಹೆಚ್ಚುಕಡಿಮೆ ನಾಲ್ಕುನೂರು. ಮೈಸೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ವಾಪಸು ಘಾಟಿಯ ತನಕ ಪಂಪಿನ ಮುಖ ನೋಡಬೇಕಾಗಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಮಾತ್ರ ಈಗ ಬೇಸರ, ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕುಗಳನ್ನು ಬಿಡುವುದಿಲ್ಲ, ಬದಿಯ ರಸ್ತೆಯಲ್ಲಿ ಹೋಗಬೇಕು.

ಆದರೆ ಈ ಗಾಡಿ ಏನು ಅಂತ ನನಗೆ ಗೊತ್ತಾದದ್ದು ಯಾವ ಘಾಟಿಯಲ್ಲೂ ಅಲ್ಲ. 2016ರ ಜುಲೈಯಲ್ಲಿ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದರು. ಅಮ್ಮ ಅಲ್ಲೇ ಕೂತಿದ್ದರು, ಅಕ್ಕ ಮೈಸೂರಿನಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ನನಗೆ ರಜೆ ಹೆಚ್ಚು ಉಳಿದಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ದನಗಳ ಕೆಲಸ ಮುಗಿಸಿ, ಶಾಲೆ, ನಾಲ್ಕು ಗಂಟೆಗೆ ಅಲ್ಲಿಂದಲೇ ಹೈವೇಗೆ ಬಿದ್ದು ಮಂಗಳೂರು, ರಾತ್ರಿ ಒಂಬತ್ತಕ್ಕೆ ಹೊರಟು ಕಲ್ಲಡ್ಕ, ವಿಟ್ಲ ದಾರಿಯಾಗಿ ಮನೆಗೆ. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಹತ್ತಿರ, ಜುಲೈ ಮಳೆಯಲ್ಲಿ, ಇಪ್ಪತ್ತೆರಡು ದಿನ. ಬಸ್ಸಿನಲ್ಲಾದರೆ ಮೂರು ಕಡೆ ಬದಲಿಸಬೇಕು, ರಾತ್ರಿ ಕೊನೆಯ ಬಸ್ಸು ತಪ್ಪಿದರೆ ಮುಗಿಯಿತು. ಆ ದಿನಗಳಲ್ಲಿ ಬೈಕಿನ ನೆನಪೇ ನನಗೆ ಇರುತ್ತಿರಲಿಲ್ಲ. ಕೀ ತಿರುಗಿಸುವುದು, ಹೋಗುವುದು. ಬೆನ್ನು ನೋಯಲಿಲ್ಲ, ಕೈ ಮರಗಟ್ಟಲಿಲ್ಲ, ವಿಟ್ಲದಿಂದ ಆಚೆ ಕತ್ತಲಿನಲ್ಲಿ ಹೆಡ್‌ಲೈಟಿನ ಎದುರು ಮಳೆ ಗೆರೆಗೆರೆಯಾಗಿ ಬೀಳುವಾಗ ನನಗೆ ಅಪ್ಪನ ರಿಪೋರ್ಟಿನ ಯೋಚನೆ ಮಾಡಲು ಆಗುತ್ತಿತ್ತು, ಗಾಡಿಯ ಯೋಚನೆ ಮಾಡಬೇಕಾಗಿರಲಿಲ್ಲ. ದಿನಾ ಒದ್ದೆಯಾಗಿ ಕೋಣೆಗೆ ಹೋದಾಗ ಅಪ್ಪ ಮೊದಲು ಕೇಳುತ್ತಿದ್ದದ್ದು, "ಗಾಡಿ ಎಲ್ಲಿ ಇಟ್ಟಿದ್ದಿ? ಮಾಡಿನಡಿ ಇಟ್ಟಿದ್ದಿಯಾ?" ಅವರು ಹುಷಾರಾಗಿ ಮನೆಗೆ ಬಂದರು, ಕಾರಿನಲ್ಲಿ. ಕ್ಯಾರಿಯರ್ ಮಾಡಿಸಿದ್ದು ಅದರ ಮರುವಾರ.

2020ರ ಮಾರ್ಚಿನಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಸುರಿದಿದ್ದರಲ್ಲ, ಆಗ ಪೆರ್ಲದ ಪೇಟೆಯಲ್ಲಿ ನಿಂತು ಅದೇ ಇಪ್ಪತ್ತೆರಡು ದಿನಗಳ ಲೆಕ್ಕ ಹಾಕಿದ್ದೆ. ಯಾವ ಬೈಕ್ ಇದ್ದರೂ ಆಗ ಪ್ರಯೋಜನ ಇರಲಿಲ್ಲ.

ಈಗ ಇದನ್ನು ತಗೊಳ್ಳಬಹುದಾ ಅಂತ ಕೇಳುವವರಿಗೆ. ಹೊಸದು ಸಿಗುವುದಿಲ್ಲ, 2020ರಲ್ಲಿ ಬಿಎಸ್6 ಅನ್ನುವ ಹೊಗೆಯ ಹೊಸ ನಿಯಮ ಬಂದಾಗ ನಿಂತುಹೋಯಿತು. ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಇವೆ. ನೋಡುವಾಗ ಮೀಟರ್ ನಂಬಬೇಡಿ. ಎದುರಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವಿನಲ್ಲಿ ಎಲ್ಲಾದರೂ ಕಟ್ ಅಂತ ಕೂತರೆ ಕೋನ್ ಸೆಟ್ ಹೋಗಿದೆ ಅಂತ ಅರ್ಥ, ರೇಟು ಇಳಿಸಿ ಕೇಳಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸಂಜೆ ಬರುತ್ತೇನೆ ಅಂತ ಹೇಳಿ ಬನ್ನಿ. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಬಣ್ಣ ನೋಡಿ, ಚಹಾದ ಹಾಗೆ ಇದ್ದರೆ ಬೇಡ. ಫೇರಿಂಗ್ ಒಡೆದಿದೆಯಾ, ಬೋಲ್ಟುಗಳು ಎಲ್ಲ ಇವೆಯಾ ನೋಡಿ, ಎಂಜಿನ್ ಸಾಮಾನು ಹೇಗಾದರೂ ಸಿಗುತ್ತದೆ, ಪ್ಲಾಸ್ಟಿಕ್ ಸಿಗುವುದು ಕಷ್ಟ. ಎಬಿಎಸ್ ಲೈಟು ಕೀ ತಿರುಗಿಸಿದಾಗ ಹತ್ತಬೇಕು, ಗಾಡಿ ಮುಂದೆ ಹೋದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಬಲ್ಬ್ ಕಿತ್ತಿದ್ದಾರೆ ಅಂತಲೂ ಆಗಬಹುದು.

ವೇಗ ಬೇಕಾದವರಿಗೆ ಇದು ಬೇಡ, ಈ ದುಡ್ಡಿಗೆ ಇದಕ್ಕಿಂತ ಜೋರಾಗಿ ಓಡುವ ಗಾಡಿಗಳು ಈಗ ಬಂದಿವೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೂ ಬೇಡ.

ನನ್ನದು ಮಾರಾಟಕ್ಕಿಲ್ಲ. ಹೋದ ವರ್ಷ ಒಬ್ಬರು ಐವತ್ತೈದು ಸಾವಿರಕ್ಕೆ ಕೇಳಿದ್ದರು, ಇಚ್ಚನೇ ನನ್ನ ಪರವಾಗಿ ಇಲ್ಲ ಅಂದುಬಿಟ್ಟಿದ್ದರು, ನನಗೆ ಆಮೇಲೆ ಗೊತ್ತಾದದ್ದು. 2027ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆರ್‌ಸಿ ಹೊಸದು ಮಾಡಿಸಬೇಕು, ಅದಕ್ಕೆ ಮೊದಲು ಒಮ್ಮೆ ನೋಡುವ ಹಾಗೆ ಮಾಡಬೇಕು ಅಂತ ಇದೆ. ತೋಟದ ದಾರಿಯಲ್ಲಿ ಎರಡನೇ ಸಲ ಮಗುಚಿದ್ದರಲ್ಲಿ ಬಲಬದಿಯ ಪ್ಯಾನೆಲ್ ಸೀಳಿದೆ, ತಂತಿಯಲ್ಲಿ ಹೊಲಿದು ಇಟ್ಟಿದ್ದೇನೆ. ಕೆಂಪು ಬಣ್ಣದ್ದು, 2012ರ ಮಾಡೆಲಿನದ್ದು, ಮಂಗಳೂರು, ಪುತ್ತೂರು, ಕಣ್ಣೂರು ಯಾವ ಗುಜರಿಯಲ್ಲಿ ಕಂಡರೂ ತಿಳಿಸಿ. ಕರಿ ಬಣ್ಣದ್ದಾದರೂ ಪರವಾಗಿಲ್ಲ.